ಅಂಡಾಶಯದ ನೀರುಗುಳ್ಳೆ

ಸಂತಾನಚಿಕಿತ್ಸೆಗೆಂದು ಹನಗೋಡಿನಿಂದ ಮೈಸೂರಿಗೆ ಹೋದ ಹೆಣ್ಣುಮಗಳಿಗೆ, “ಅಂಡಾಶಯದಲ್ಲಿ ನೀರುಗುಳ್ಳೆಯಿದೆ, ಮುಂದಿನ ತಿಂಗಳು ನೋಡೋಣ” ಎಂಬ ಮಾತು ಸಿಡಿಲಿನಂತೆ ಎರಗುವುದುಂಟು. ಹೀಗೆ ಕಾಯಬೇಕಾದ ಕಾರಣವನ್ನು ನಾವು ತಿಳಿಯೋಣ.

ತಿಂಗಳಿಗೊಮ್ಮೆ ಅಂಡಾಶಯದಲ್ಲಿ ದ್ರವ ತುಂಬಿದ ಕೋಶವೊಂದು ಸುಮಾರು 20 ಮಿಲಿಮೀಟರಿನಷ್ಟು ಬೆಳೆದು, ಒಡೆದು, ಅಂಡವನ್ನು ಹೊರಬಿಡುತ್ತದೆ. ಒಮ್ಮೊಮ್ಮೆ ಅದು ಒಡೆಯದೆ ಗುಳ್ಳೆಯಾಗಿ ಉಳಿಯುತ್ತದೆ. ಅದು ಈಸ್ಟ್ರೋಜೆನ್ ಹಾರ್ಮೋನನ್ನು ಸ್ರವಿಸುತ್ತಿದ್ದರೆ, ಆಗ ಕೊಟ್ಟ ಚುಚ್ಚುಮದ್ದು ಸರಿಯಾಗಿ ಫಲಿಸದಿರಬಹುದು. ಆದಕಾರಣ ವೈದ್ಯರು ಕಾಯಹೇಳುತ್ತಾರೆ. ಇಂಥ ಗುಳ್ಳೆಗಳಲ್ಲಿ ಹೆಚ್ಚಿನವು ಎರಡು ಮೂರು ತಿಂಗಳೊಳಗೆ ತಾವಾಗಿಯೇ ಕರಗುತ್ತವೆ.

ಸ್ಕ್ಯಾನಿಂಗ್ ಯಂತ್ರವು ಗುಳ್ಳೆಯನ್ನು ಪತ್ತೆಹಚ್ಚುವುದು ಶ್ರವಣಾತೀತ ಶಬ್ದದಿಂದ. ಹನಗೋಡಿನ ಅಣೆಕಟ್ಟೆಯ ಬಳಿ ಲಕ್ಷ್ಮಣತೀರ್ಥದ ಅಲೆಯು ನೀರಿನಲ್ಲಿ ತಡೆಯಿಲ್ಲದೆ ಸಾಗಿ, ಕಲ್ಲಿಗೆ ತಾಗಿದೊಡನೆ ಹಿಂದಿರುಗುವುದಷ್ಟೆ? ಶಬ್ದದ ಅಲೆಯೂ ಹಾಗೆಯೇ. ತಿಳಿಯಾದ ದ್ರವದೊಳಗಿಂದ ಪ್ರತಿಧ್ವನಿ ಬಾರದು. ತೆರೆಯ ಮೇಲೆ ಅದು ಕಪ್ಪಾಗಿ ಕಾಣುತ್ತದೆ. ಒಳಗೆ ಗಟ್ಟಿಭಾಗವಿದ್ದರೆ ಬಿಳುಪು ತೋರುತ್ತದೆ. ಅಂಥದಕ್ಕೆ ಹೆಚ್ಚಿನ ಪರೀಕ್ಷೆ ಬೇಕು. 1958ರಲ್ಲಿ ಗ್ಲಾಸ್ಗೋದ ಇಯಾನ್ ಡೊನಾಲ್ಡ್ ಮತ್ತು ಸಂಗಡಿಗರು ಈ ವಿಧಾನವನ್ನು ಪ್ರಕಟಿಸಿದರು. ವಾಸಿಯಾಗದ ಕ್ಯಾನ್ಸರೆಂದು ಭಾವಿಸಲಾಗಿದ್ದ ಒಬ್ಬಾಕೆಯ ಉದರದಲ್ಲಿದ್ದುದು ಬರಿಯ ಅಂಡಾಶಯದ ಗುಳ್ಳೆಯೆಂದು ಇದರಿಂದ ತಿಳಿಯಿತು. ಶಸ್ತ್ರಚಿಕಿತ್ಸೆಯಿಂದ ಆಕೆ ಗುಣಹೊಂದಿದಳು.

ಕಾಯುವಾಗ ಹಠಾತ್ತನೆ ತೀವ್ರ ಹೊಟ್ಟೆನೋವು, ವಾಂತಿ ಕಂಡರೆ ಅಂಡಾಶಯವು ತಿರುಚಿಕೊಂಡಿರಬಹುದು. ಕೂಡಲೆ ಆಸ್ಪತ್ರೆಗೆ ಹೋಗಬೇಕು. ಇಲ್ಲವಾದರೆ, ವೈದ್ಯರು ಹೇಳಿದ ದಿನ ಮತ್ತೆ ಸ್ಕ್ಯಾನ್ ಮಾಡಿಸಿದರೆ ಸಾಮಾನ್ಯವಾಗಿ ಸಾಕು. ಈ ತಡಕ್ಕೆ ಮನೆಯವರು ಆ ಹೆಣ್ಣುಮಗಳನ್ನು ದೂರುವುದು ತರವಲ್ಲ.