ತೆರಿಗೆ ಪಟ್ಟಿಯ ಕಡತಗಳಲ್ಲಿನ ಅನಗತ್ಯ ಅಕ್ಷರಗಳ ನಿವಾರಣೆ

ತಂತ್ರಾಂಶದಿಂದ ಪಠ್ಯ ಕಡತವಾಗಿ ಪಡೆದ ತೆರಿಗೆ ಬೇಡಿಕೆ ಪಟ್ಟಿಯಲ್ಲಿ ಕಣ್ಣಿಗೆ ಕಾಣದ ಅಕ್ಷರಗಳು ಉಳಿದಿರುವುದುಂಟು. ಕೊನೆಯಲ್ಲಿ ಒಂದು ಖಾಲಿ ಸ್ಥಳ ಸೇರಿದ್ದರೂ ‘ಜಂಗಮಕೋಟೆ’ ಎಂಬ ಒಂದೇ ಗ್ರಾಮವನ್ನು ಗಣಕಯಂತ್ರವು ಎರಡೆಂದು ಎಣಿಸಬಹುದು. ವಿಳಾಸದ ನಡುವೆ ಎಂಟರ್ ಒತ್ತಿದ್ದರೆ ಒಬ್ಬರ ಬಾಕಿ ಮೊತ್ತವು ಬೇರೆ ಸಾಲಿಗೆ ಜಾರಬಹುದು. ಇದರಿಂದ ತೆರಿಗೆ ಪಾವತಿಸಿದವರ ಹೆಸರೂ ಬಾಕಿದಾರರ ಪಟ್ಟಿಯಲ್ಲಿ ಉಳಿಯುವ ಸಂಭವವಿದೆ.

ಆದುದರಿಂದ ಮೂಲ ಕಡತವನ್ನು ಹಾಗೆಯೇ ಕಾಯ್ದಿರಿಸಿ, ಅದರ ಪ್ರತಿಯಲ್ಲಿ ಮಾತ್ರ ಇಂತಹವುಗಳನ್ನು ತೆಗೆಯತಕ್ಕದ್ದು. ಆದರೆ ಕಾಣದ ಅಕ್ಷರಗಳೆಲ್ಲವೂ ಅನಗತ್ಯವಲ್ಲ. ‘ರಾಜ್‌ಕುಮಾರ್’ ಎಂಬಲ್ಲಿ ‘ಜ್’ ಮತ್ತು ‘ಕು’ ಬೇರೆಯಾಗಿ ನಿಲ್ಲುವುದು ಯುನಿಕೋಡ್‌ನ 200ಸಿ ಸಂಕೇತದಿಂದ. ಅದನ್ನು ಅಳಿಸಿದರೆ ಹೆಸರು ‘ರಾಜ್ಕುಮಾರ್’ ಎಂದಾಗುತ್ತದೆ.

ಶುದ್ಧೀಕರಿಸಿದ ಪಟ್ಟಿಯಲ್ಲಿನ ಸ್ವತ್ತುಗಳ ಸಂಖ್ಯೆ ಹಾಗೂ ಒಟ್ಟು ಬೇಡಿಕೆಯು ತಂತ್ರಾಂಶದ ಲೆಕ್ಕದೊಂದಿಗೆ ತಾಳೆಯಾಗುವುದನ್ನು ಸದಸ್ಯರು ಸಾಮಾನ್ಯ ಸಭೆಯಲ್ಲಿ ಖಚಿತಪಡಿಸಿಕೊಳ್ಳುವುದು ಸೂಕ್ತ.