ಜೋಮು ಹಿಡಿದದ್ದು ಯಾವ ಬೆರಳಿಗೆ?

ಎಲೆಕ್ಟ್ರಾನಿಕ್ ಸಿಟಿಯ ಆಫೀಸೊಂದರಲ್ಲಿ ಕೈ ಜೋಮು ಹಿಡಿಯುತ್ತಿದೆ ಎಂದರೆ ಸಾಕು, ಪಕ್ಕದ ಕುರ್ಚಿಯವರೇ ರೋಗದ ಹೆಸರು ಹೇಳಿಬಿಡುತ್ತಾರೆ: ಕಾರ್ಪಲ್ ಟನಲ್. ಕಾರಣವೂ ಸಿದ್ಧ: ಕೀಬೋರ್ಡ್. ಸಂಜೆಯೊಳಗೆ ಹೊಸ ಮೌಸ್, ಜೆಲ್ ಪ್ಯಾಡ್, ಮಣಿಕಟ್ಟಿಗೊಂದು ಪಟ್ಟಿ ಆರ್ಡರ್ ಆಗಿರುತ್ತದೆ. ಯಾವ ಬೆರಳಿಗೆ ಜೋಮು ಎಂದು ಮಾತ್ರ ಯಾರೂ ಕೇಳಿರುವುದಿಲ್ಲ.

ಕೇಳಬೇಕಾದ್ದೇ ಅದು. ಹೆಬ್ಬೆರಳು, ತೋರುಬೆರಳು, ನಡುಬೆರಳು, ಉಂಗುರ ಬೆರಳಿನ ಅರ್ಧ, ಇಷ್ಟು ಮೀಡಿಯನ್ ನರದ ಪಾಲು. ಉಂಗುರ ಬೆರಳಿನ ಉಳಿದರ್ಧ ಮತ್ತು ಕಿರುಬೆರಳು ಅಲ್ನಾರ್ ನರದ್ದು. ಮೂರನೆಯದಾದ ರೇಡಿಯಲ್ ನರ ಮಣಿಕಟ್ಟನ್ನೂ ಬೆರಳುಗಳನ್ನೂ ಮೇಲಕ್ಕೆತ್ತಿಸುತ್ತದೆ. ಒಂದೇ ಬೆರಳು ಎರಡು ನರಗಳಿಗೆ ಹಂಚಿಹೋಗಿರುವುದು ವಿಚಿತ್ರವೆನಿಸಬಹುದು. ಪರೀಕ್ಷಿಸುವ ವೈದ್ಯರಿಗೆ ಅದೇ ದೊಡ್ಡ ಸುಳಿವು.

ಕಾರ್ಪಲ್ ಟನಲ್ ಇರುವುದು ಮಣಿಕಟ್ಟಿನಲ್ಲಿ. ಕೆಳಗೆ ಮೂಳೆಗಳು, ಮೇಲೊಂದು ದಪ್ಪ ಪಟ್ಟಿ. ನಡುವಿನ ಇಕ್ಕಟ್ಟಿನಲ್ಲಿ ಬೆರಳು ಮಡಿಸುವ ಒಂಬತ್ತು ಸ್ನಾಯುರಜ್ಜುಗಳ ಜೊತೆ ಮೀಡಿಯನ್ ನರವೂ ಹಾದುಹೋಗಬೇಕು. ಒಳಗೆ ಚೂರು ಬಾವು ಬಂದರೂ ಅದುಮಿಸಿಕೊಳ್ಳುವುದು ಮೆತ್ತಗಿರುವ ನರವೇ. ಅಂಗೈ ಚರ್ಮಕ್ಕೆ ಹೋಗುವ ಕವಲು ಮಾತ್ರ ಈ ಸುರಂಗದೊಳಕ್ಕೆ ಇಳಿಯದೆ ಮೇಲಿಂದಲೇ ದಾಟುತ್ತದೆ. ಆದ್ದರಿಂದ ಬೆರಳ ತುದಿ ಮರಗಟ್ಟಿದರೂ ಅಂಗೈ ನಡುವಿನ ಸ್ಪರ್ಶ ಸಾಮಾನ್ಯವಾಗಿ ಉಳಿದಿರುತ್ತದೆ.

ಇದಕ್ಕೆಲ್ಲ ಕೀಬೋರ್ಡೇ ಕಾರಣ ಎನ್ನುವ ನಂಬಿಕೆಗೆ ಪುರಾವೆ ತೆಳುವಾಗಿದೆ. ಅಮೆರಿಕದ ಮೇಯೊ ಕ್ಲಿನಿಕ್ ತನ್ನಲ್ಲೇ ಕಂಪ್ಯೂಟರ್ ಮುಂದೆ ಹೆಚ್ಚು ಹೊತ್ತು ಕೂರುವ ಸಿಬ್ಬಂದಿಯನ್ನು ಪರೀಕ್ಷಿಸಿ 2001ರಲ್ಲಿ ವರದಿ ಪ್ರಕಟಿಸಿತು. ಅವರಲ್ಲಿ ಈ ಕಾಯಿಲೆಯ ಪ್ರಮಾಣ ಸಾಮಾನ್ಯ ಜನರಲ್ಲಿ ಇರುವಷ್ಟೇ ಇತ್ತು. 2003ರಲ್ಲಿ ಡೆನ್ಮಾರ್ಕ್‌ನವರು ಸುಮಾರು 7,000 ನೌಕರರನ್ನು ನೋಡಿದಾಗ, ವಾರಕ್ಕೆ 20 ಗಂಟೆ ಮೀರಿ ಮೌಸ್ ಹಿಡಿಯುವವರಲ್ಲಿ ತೊಂದರೆ ಸ್ವಲ್ಪ ಹೆಚ್ಚು ಕಂಡಿತು, ಕೀಬೋರ್ಡ್‌ಗೆ ಅಂಥ ನಂಟು ಕಾಣಲಿಲ್ಲ. ದಿನವಿಡೀ ಟೈಪ್ ಮಾಡಿದರೆ ಕುತ್ತಿಗೆ, ಭುಜ, ಮುಂಗೈ ನೋಯುವುದು ನಿಜ. ಆದರೆ ನೋವೆಲ್ಲವೂ ನರ ಅದುಮಿದ್ದರಿಂದಲ್ಲ.

ನರಕ್ಕೆ ನಿಜವಾಗಿ ಪೆಟ್ಟು ಕೊಡುವುದು ಬಿಗಿಹಿಡಿತ, ಮಣಿಕಟ್ಟು ಬಾಗಿಸಿಕೊಂಡೇ ಮತ್ತೆ ಮತ್ತೆ ಮಾಡುವ ಕೆಲಸ ಮತ್ತು ಯಂತ್ರದ ಅದುರು. ಅಂದರೆ ಗಾಜಿನ ಕಟ್ಟಡದೊಳಗಿನ ಎಂಜಿನಿಯರಿಗಿಂತ, ಜಿಗಣಿಯ ಗ್ರಾನೈಟ್ ಘಟಕದಲ್ಲಿ ಗ್ರೈಂಡರ್ ಹಿಡಿದು ಕಲ್ಲಿನಂಚು ಸವೆಸುವವರ, ಹೊಸೂರು ರಸ್ತೆಯ ಗಾರ್ಮೆಂಟ್ಸ್‌ನಲ್ಲಿ ಪುಟ್ಟ ಕತ್ತರಿ ಹಿಡಿದು ಪೀಸ್ ಮೇಲೆ ಪೀಸ್ ದಾರ ಕತ್ತರಿಸುವ ಹೆಣ್ಣುಮಕ್ಕಳ ಕೈ ಹೆಚ್ಚು ಅಪಾಯದಲ್ಲಿದೆ. ಅವರು ಬಟನ್ ಹಾಕಿಕೊಳ್ಳಲಾಗದ ಸ್ಥಿತಿಗೆ ಬಂದರೂ ಅದು ದುಡಿಮೆಯ ದಣಿವೆಂದೇ ಲೆಕ್ಕ. ಎರ್ಗೊನಾಮಿಕ್ಸ್ ಉಪನ್ಯಾಸ ನಡೆಯುವುದು ಮಾತ್ರ ಎಸಿ ಹಾಲ್‌ನಲ್ಲಿ!

ಕೆಲಸಕ್ಕೆ ಸಂಬಂಧವೇ ಇಲ್ಲದ ಕಾರಣಗಳೂ ಇವೆ: ಸಕ್ಕರೆ ಕಾಯಿಲೆ, ಥೈರಾಯ್ಡ್ ಕೊರತೆ, ರುಮಟಾಯ್ಡ್ ಸಂಧಿವಾತ. ಬಸುರಿನಲ್ಲಿ ಬಂದದ್ದು ಹೆರಿಗೆಯ ನಂತರ ಬಹುಪಾಲು ತಾನಾಗಿ ಇಳಿಯುತ್ತದೆ. ಹಾಗಾಗಿ ಮೌಸ್ ಬದಲಿಸುವ ಮುಂಚೆ ಒಂದು ರಕ್ತಪರೀಕ್ಷೆ ಮೇಲು.

ರಾತ್ರಿ ಕೈ ಮರಗಟ್ಟಿದರೆ ರಕ್ತ ಓಡುತ್ತಿಲ್ಲ ಎಂದೋ, ಎಡಗೈ ಆದರೆ ಹಾರ್ಟ್ ಎಂದೋ ಹೆದರುವವರಿದ್ದಾರೆ. ನಿದ್ದೆಯಲ್ಲಿ ಮಣಿಕಟ್ಟು ಮಡಚಿಕೊಂಡು ಸುರಂಗದೊಳಗೆ ಒತ್ತಡ ಏರುತ್ತದೆ. ನಡುರಾತ್ರಿ ಎದ್ದು ಥರ್ಮಾಮೀಟರ್ ಒದರಿದ ಹಾಗೆ ಕೈ ಒದರಿದರೆ ಹಾಯೆನಿಸುವುದು ಕಾರ್ಪಲ್ ಟನಲ್‌ನ ವಿಶಿಷ್ಟ ಲಕ್ಷಣ. ಜೊತೆಗೆ ಎದೆ ಬಿಗಿತ, ಬೆವರು, ಉಸಿರಾಟದ ಕಷ್ಟ ಇದ್ದರೆ, ಇಲ್ಲವೇ ದಿಢೀರನೆ ಬಾಯಿ ಸೊಟ್ಟಗಾಗಿ ಮಾತು ತೊದಲಿದರೆ ಮಾತ್ರ ಬೆರಳೆಣಿಸುತ್ತ ಕೂರದೆ ತುರ್ತು ಚಿಕಿತ್ಸೆಗೆ ಓಡಬೇಕು.

ಕಿರುಬೆರಳಿಗೆ ಜೋಮು ಹಿಡಿದವರು ಮಣಿಕಟ್ಟಿಗೆ ಪಟ್ಟಿ ಕಟ್ಟಿಕೊಂಡರೆ ಸಾಮಾನ್ಯವಾಗಿ ದುಡ್ಡು ದಂಡ. ಅಲ್ನಾರ್ ನರ ಹೆಚ್ಚಾಗಿ ಸಿಕ್ಕಿಬೀಳುವುದು ಮೊಣಕೈಯ ಒಳಬದಿಯಲ್ಲಿ, ಎಲ್ಲಿಗಾದರೂ ತಗುಲಿದರೆ ಕರೆಂಟ್ ಹೊಡೆದಂತಾಗುವ ಜಾಗದಲ್ಲಿ. ಸಿಲ್ಕ್ ಬೋರ್ಡ್‌ನಿಂದ ಆಫೀಸಿನವರೆಗೂ ಮೊಣಕೈ ಮಡಚಿ ಫೋನ್ ಕಿವಿಗೊತ್ತಿಕೊಂಡಿರುವುದು, ಮೇಜಿನಂಚಿಗೆ ಮೊಣಕೈ ಊರಿ ಕೂರುವುದು, ಕೈ ಮಡಚಿ ತಲೆಯಡಿಗಿಟ್ಟು ಮಲಗುವುದು ಅದಕ್ಕೆ ಆಗಿಬರುವುದಿಲ್ಲ. ನೈಟ್ ಶಿಫ್ಟ್ ಕ್ಯಾಬಿನಲ್ಲಿ ಸೀಟಿನ ಬೆನ್ನಿಗೆ ತೋಳು ನೇತುಹಾಕಿ ಗಾಢ ನಿದ್ದೆ ಹೋದವರ ಕಥೆ ಬೇರೆ. ತೋಳಿನ ಮೂಳೆಗೆ ಅಂಟಿಕೊಂಡು ಸಾಗುವ ರೇಡಿಯಲ್ ನರ ಅಲ್ಲಿ ಅದುಮಿಹೋಗಿ, ಎದ್ದಾಗ ಮಣಿಕಟ್ಟು ಜೋಲುಬಿದ್ದಿರುತ್ತದೆ. ಪಾರ್ಶ್ವವಾಯುವಲ್ಲವೆಂದು ವೈದ್ಯರು ನೋಡಿ ಖಚಿತಪಡಿಸಿದರೆ ನಿರಾಳ. ಇಂಥ ಪೆಟ್ಟು ಬಹುತೇಕ ವಾರಗಳಲ್ಲಿ, ಕೆಲವೊಮ್ಮೆ ತಿಂಗಳುಗಳಲ್ಲಿ ಸರಿಹೋಗುತ್ತದೆ.

ಮೆಡಿಕಲ್ ಶಾಪಿನ ‘ನರದ ಮಾತ್ರೆ’ ನರದ ಮೇಲಿನ ಒತ್ತಡ ಇಳಿಸುವುದಿಲ್ಲ. ಬಿ12 ಕೊರತೆ ಇದ್ದರೆ ಅದನ್ನು ತುಂಬಿಸಬೇಕು ನಿಜ; ಆ ಜೋಮು ಸಾಮಾನ್ಯವಾಗಿ ಎರಡೂ ಪಾದಗಳಿಂದ ಶುರುವಾಗುತ್ತದೆ. ಆದರೆ ಬಿ6 ಅನ್ನು ಹೆಚ್ಚು ಪ್ರಮಾಣದಲ್ಲಿ ಬಹುಕಾಲ ನುಂಗಿದರೆ ಅದೇ ನರಕ್ಕೆ ಹಾನಿ. ಸ್ಪಾಂಜ್ ಚೆಂಡು ಹಿಸುಕುವ ವ್ಯಾಯಾಮವೂ ಬೇಡ, ಮುಷ್ಟಿ ಬಿಗಿದಷ್ಟೂ ಸುರಂಗದೊಳಗಿನ ಒತ್ತಡ ಏರುತ್ತದೆ. ಕೆಲಸಕ್ಕೆ ಬರುವುದು ಮಣಿಕಟ್ಟನ್ನು ನೇರವಾಗಿಡುವ ಸ್ಪ್ಲಿಂಟ್; ಅದೂ ಮುಖ್ಯವಾಗಿ ರಾತ್ರಿ, ಬಿಗಿಯಾಗಿ ಅಲ್ಲ. ಕೆಲವು ವಾರ ನೋಡಿ, ತಗ್ಗದಿದ್ದರೆ ಸಣ್ಣ ಕರೆಂಟ್ ಕೊಟ್ಟು ನರದ ವೇಗ ಅಳೆಯುವ ನರ್ವ್ ಕಂಡಕ್ಷನ್ ಪರೀಕ್ಷೆ. ಅದೇ ಹೊಸೂರು ರಸ್ತೆಯಲ್ಲಿರುವ ನಿಮ್ಹಾನ್ಸ್‌ನಲ್ಲೂ ಇದು ನಡೆಯುತ್ತದೆ. ಎಕ್ಸ್‌ರೇಯಲ್ಲಿ ನರ ಕಾಣುವುದಿಲ್ಲ.

ಆಪರೇಷನ್ ಮಾಡಿಸಿದರೆ ಕೈ ಸ್ವಾಧೀನ ತಪ್ಪುತ್ತದೆ ಎಂಬ ಭಯಕ್ಕೆ ಆಧಾರ ಕಡಿಮೆ. ಕೈಗಷ್ಟೇ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು, ನರವನ್ನು ಮುಟ್ಟದೆ ಅದರ ಮೇಲಿನ ಪಟ್ಟಿಯನ್ನು ಸೀಳುತ್ತಾರೆ. ಸಾಮಾನ್ಯವಾಗಿ ಅದೇ ದಿನ ಮನೆಗೆ ಹೋಗಬಹುದು. ಕೈ ಕೆಡುವುದು ಹೆಚ್ಚಾಗಿ ತಡಮಾಡಿದ್ದರಿಂದ. ಆಪರೇಷನ್ ನಂತರ ರಾತ್ರಿಯ ಜೋಮು ಬೇಗನೆ ಬಿಡುತ್ತದೆ, ಸ್ಪರ್ಶ ಮರಳಲು ತಿಂಗಳುಗಳು ಬೇಕು, ಏಕೆಂದರೆ ನರದ ಎಳೆ ಮತ್ತೆ ಬೆಳೆಯುವುದು ದಿನಕ್ಕೆ ಸುಮಾರು 1 ಮಿಲಿಮೀಟರ್. ಹೆಬ್ಬೆರಳ ಬುಡದ ಉಬ್ಬು ಇಳಿದು ಚಪ್ಪಟೆಯಾಗುವವರೆಗೆ ಕಾದವರಿಗೆ ಆ ಮಾಂಸಖಂಡ ಪೂರ್ತಿ ತುಂಬಿಬರುವುದು ಕಷ್ಟ.