ಮಗು ದಪ್ಪಗಿದೆಯೆಂದು ಹಿಗ್ಗುವ ಮುನ್ನ

ಸಹೋದರಿಯರೇ, 2016ರ ಮೇ ತಿಂಗಳಲ್ಲಿ ಹಾಸನದ ಸರಕಾರಿ ಆಸ್ಪತ್ರೆಯಲ್ಲಿ ಸಿಸೇರಿಯನ್ ಮೂಲಕ 6.8 ಕಿಲೋ ತೂಕದ ಹೆಣ್ಣು ಮಗು ಜನಿಸಿದಾಗ ಎಲ್ಲೆಡೆ ಅದೇ ಸುದ್ದಿ. ದಪ್ಪ ಮಗುವೆಂದರೆ ನಮಗೆಲ್ಲ ಹಿಗ್ಗು. ಆದರೆ ನಾಲ್ಕು ಕಿಲೋ ಮೀರಿದ ಮಗುವಿನ ಹೆರಿಗೆಯಲ್ಲಿ ಭುಜ ಸಿಕ್ಕಿಕೊಳ್ಳುವ, ತಾಯಿಗೆ ವಿಪರೀತ ರಕ್ತಸ್ರಾವವಾಗುವ ಅಪಾಯ ಹೆಚ್ಚು.

ಮಗು ಹೀಗೆ ಬೆಳೆಯಲು ವಂಶಗುಣ ಕಾರಣವಿರಬಹುದು, ತಾಯಿಯ ತೂಕವೂ ಇರಬಹುದು. ಆದರೆ ತಪ್ಪದೆ ಗಮನಿಸಬೇಕಾದದ್ದು ಬಸುರಿನಲ್ಲಿ ಕಾಣಿಸಿಕೊಳ್ಳುವ ಸಕ್ಕರೆ ಕಾಯಿಲೆ. ತಾಯಿಯ ರಕ್ತದಲ್ಲಿ ಹೆಚ್ಚಾದ ಸಕ್ಕರೆ ಮಗುವಿಗೂ ಹರಿದು ಕೊಬ್ಬಾಗುತ್ತದೆ. ಹೊರಗೆ ಲಕ್ಷಣವೇ ಕಾಣದಿರಬಹುದು.

ಪರೀಕ್ಷೆ ಸುಲಭ. 75 ಗ್ರಾಂ ಗ್ಲೂಕೋಸ್ ನೀರು ಕುಡಿಸಿ, ಎರಡು ಗಂಟೆಯ ಬಳಿಕ ರಕ್ತ ನೋಡುತ್ತಾರೆ. ಸಕ್ಕರೆ 140 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಚಿಕಿತ್ಸೆ ಬೇಕು. ಮೊದಲ ತಪಾಸಣೆಯಲ್ಲೊಮ್ಮೆ, 24ರಿಂದ 28ನೇ ವಾರದೊಳಗೆ ಇನ್ನೊಮ್ಮೆ ಮಾಡಿಸಿರಿ. ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲದ ಸಹೋದರಿಯರು ಪ್ರತಿ ತಿಂಗಳ 9ರಂದು ಸರಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗಾಗಿ ನಡೆಯುವ ಉಚಿತ ತಪಾಸಣೆಗೆ ಹೋಗಬಹುದು.

ಸಕ್ಕರೆ ಇದೆಯೆಂದರೆ ಹೆದರಬೇಡಿ. ಹಲವರಿಗೆ ಊಟದ ಹಿಡಿತ, ದಿನದ ನಡಿಗೆಯೇ ಸಾಕು. ಉಳಿದವರಿಗೆ ಔಷಧಿ, ಇನ್ಸುಲಿನ್ ಇದೆ. ಅತ್ತೆ, ಅಮ್ಮಂದಿರೇ, 'ಇಬ್ಬರ ಊಟ ನೀನೇ ಉಣ್ಣು' ಎಂದು ಬಸುರಿಗೆ ಬಲವಂತ ಮಾಡದಿರಿ. ಆಕೆಯ ಜೊತೆ ಆಸ್ಪತ್ರೆಗೆ ಹೋಗಿರಿ. ಆಕೆಗೆ ಬೇಕಾದ ಆರೈಕೆ ಅದೇ.